ಚಿತ್ರ ಸ್ಪಷ್ಟ, ಕಪ್ಪೆ ನಾಪತ್ತೆ

ಕೇರಳದ ಮದಿಕೆಟ್ಟಾನ್ ಶೋಲಾ ಕಾಡಿನಲ್ಲಿ 2020ರಲ್ಲಿ ಸಂಶೋಧಕರೊಬ್ಬರಿಗೆ ಬಿದ್ದ ಮರದ ದಿಮ್ಮಿಯ ಅಡಿಯಲ್ಲಿ ಏಳು ಗ್ಯಾಲಕ್ಸಿ ಕಪ್ಪೆಗಳು ಕಂಡವು. ಕಪ್ಪು ಮೈ, ಅದರ ಮೇಲೆ ತಿಳಿನೀಲಿ ಚುಕ್ಕೆ, ಬೆರಳ ತುದಿಯಲ್ಲಿ ಕೂರಬಲ್ಲ ಗಾತ್ರ. ತನ್ನ ಜಾತಿಯಲ್ಲಿ ಇದು ಏಕೈಕ ಪ್ರಭೇದ. ಪಶ್ಚಿಮಘಟ್ಟದ ದಕ್ಷಿಣ ಭಾಗವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದೇ ಸಂಶೋಧಕರು ಮತ್ತೊಮ್ಮೆ ಹೋದಾಗ ದಿಮ್ಮಿಗಳು ಮಗುಚಿದ್ದವು, ಸುತ್ತಲಿನ ಗಿಡಗಳು ತುಳಿತಕ್ಕೆ ಸಿಕ್ಕಿದ್ದವು, ಕಪ್ಪೆಗಳಿರಲಿಲ್ಲ. ನಡುವಿನ ಅವಧಿಯಲ್ಲಿ ಅಲ್ಲಿಗೆ ಬಂದವರು ಮರಗಳ್ಳರಲ್ಲ, ಬೇಟೆಗಾರರೂ ಅಲ್ಲ; ಛಾಯಾಗ್ರಾಹಕರು. ಕಪ್ಪೆಗಳನ್ನು ಕೈಯಲ್ಲಿ ಹಿಡಿದು, ಅಂದವಾಗಿ ಕಾಣುವ ಜಾಗದಲ್ಲಿಟ್ಟು ಚಿತ್ರ ತೆಗೆದರೆಂದೂ ಎರಡು ಕಪ್ಪೆಗಳು ಸತ್ತವೆಂದೂ ಅಲ್ಲಿನ ಟ್ರ್ಯಾಕರ್ ಒಬ್ಬರು ಹೇಳಿದ ಸಂಗತಿ 2025ರಲ್ಲಿ ಪ್ರಕಟಗೊಂಡಿತು.

ಇದು ಕೇರಳದ ಸುದ್ದಿ ಎಂದು ಕರ್ನಾಟಕದ ಮಲೆನಾಡು ಸುಮ್ಮನಿರುವಂತಿಲ್ಲ. ಮಳೆಗಾಲ ಹಿಡಿಯಿತೆಂದರೆ ಘಟ್ಟದ ಹೋಂಸ್ಟೇಗಳಲ್ಲಿ ಕ್ಯಾಮೆರಾಗಳ ಜಾತ್ರೆ. ಉಂಬಳ ಕಚ್ಚಿಸಿಕೊಂಡು, ಮಳೆಯಲ್ಲಿ ನೆನೆದು ಕಪ್ಪೆ ನೋಡಲು ಬರುವವರ ಉತ್ಸಾಹ ನಿಜಕ್ಕೂ ದೊಡ್ಡದು. ಆ ಉತ್ಸಾಹ ಕಪ್ಪೆಯ ಮೈಮುಟ್ಟಿದಲ್ಲಿ ತಕರಾರು ಹುಟ್ಟುತ್ತದೆ.

ಮ್ಯಾಕ್ರೋ ಲೆನ್ಸಿನ ಒಂದು ಸ್ವಭಾವವನ್ನು ಅರಿತರೆ ಹಿಂಸೆಯ ಮೂಲ ತಿಳಿಯುತ್ತದೆ. ಜೀವಿ ಇದ್ದಷ್ಟೇ ಗಾತ್ರದ ಬಿಂಬ ಮೂಡುವಷ್ಟು ಸಮೀಪ ಹೋದಾಗ ಸ್ಪಷ್ಟವಾಗಿ ಕಾಣುವ ಆಳ ಒಂದೆರಡು ಮಿಲಿಮೀಟರ್ ಮಾತ್ರ. ಕಣ್ಣು ಸ್ಪಷ್ಟವಾದರೆ ಕಾಲು ಮಸುಕು. ಆದ್ದರಿಂದ ಫೋಕಸ್ಸನ್ನು ಕೂದಲೆಳೆಯಷ್ಟು ಸರಿಸುತ್ತ ಹತ್ತಾರು ಚಿತ್ರ ತೆಗೆದು, ಅವುಗಳನ್ನು ಕಂಪ್ಯೂಟರಿನಲ್ಲಿ ಬೆಸೆದು ಒಂದೇ ಚಿತ್ರ ಮಾಡುವ ಫೋಕಸ್ ಸ್ಟ್ಯಾಕಿಂಗ್ ರೂಢಿಗೆ ಬಂದಿದೆ. ತಂತ್ರದಲ್ಲಿ ತಪ್ಪಿಲ್ಲ. ಆದರೆ ಅಷ್ಟು ಹೊತ್ತು ಜೀವಿ ಕದಲಬಾರದು. ಇಬ್ಬನಿ ಬಿದ್ದ ಮುಂಜಾವಿನಲ್ಲಿ ಏರೋಪ್ಲೇನ್ ಚಿಟ್ಟೆ ತಾನಾಗಿಯೇ ನಿಶ್ಚಲವಾಗಿರುತ್ತದೆ. ಆ ಹೊತ್ತಿಗೆ ಎದ್ದು ಗದ್ದೆಯ ಬದುವಿನಲ್ಲಿ ಮಂಡಿಯೂರುವವರ ಮೇಲೆ ಯಾರ ದೂರೂ ಇಲ್ಲ. ಅಷ್ಟು ತಾಳ್ಮೆಯಿಲ್ಲದವರು ಕೀಟವನ್ನು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡುತ್ತಾರೆ. ಅದು ಮರಗಟ್ಟಿದ ಮೇಲೆ ಕಡ್ಡಿಗೆ ಹತ್ತಿಸಿ, ನೀರು ಸಿಂಪಡಿಸಿ, ‘ಇಬ್ಬನಿಯಲ್ಲಿ ಮಿಂದ ಸುಂದರಿ’ ಎಂದು ಶೀರ್ಷಿಕೆ ಕೊಡುತ್ತಾರೆ.

ಕಪ್ಪೆಯ ವಿಷಯ ಇನ್ನೂ ಗಂಭೀರ. ಕಪ್ಪೆ ಚರ್ಮದ ಮೂಲಕವೂ ಉಸಿರಾಡುತ್ತದೆ, ನೀರನ್ನೂ ಚರ್ಮದಿಂದಲೇ ಹೀರುತ್ತದೆ. ಬೆವರಿನ ಉಪ್ಪು, ಸೊಳ್ಳೆ ಓಡಿಸಲು ಹಚ್ಚಿಕೊಂಡ ಮುಲಾಮು, ಉಂಬಳಕ್ಕೆಂದು ಸವರಿದ ಹೊಗೆಸೊಪ್ಪಿನ ರಸ ಎಲ್ಲವೂ ಹಿಡಿದ ಕೈಯಿಂದ ನೇರವಾಗಿ ಅದರ ಚರ್ಮಕ್ಕೆ ತಗಲುತ್ತವೆ. ಕೈಟ್ರಿಡ್ ಎಂಬ ಶಿಲೀಂಧ್ರ ರೋಗದಿಂದ ಜಗತ್ತಿನಲ್ಲಿ ಕನಿಷ್ಠ 501 ಉಭಯಚರ ಪ್ರಭೇದಗಳು ಕ್ಷೀಣಿಸಿವೆ, ಅವುಗಳಲ್ಲಿ 90 ಅಳಿದಿರಬಹುದು ಎಂದು 2019ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಈ ಶಿಲೀಂಧ್ರ ಪಶ್ಚಿಮಘಟ್ಟದಲ್ಲೂ ಪತ್ತೆಯಾಗಿದೆ. ಒದ್ದೆ ಬೂಟು, ಒದ್ದೆ ಕೈ ಅದನ್ನು ಒಂದು ಹಳ್ಳದಿಂದ ಇನ್ನೊಂದು ಹಳ್ಳಕ್ಕೆ ಸಾಗಿಸಬಲ್ಲವು. ಒಂದೇ ರಾತ್ರಿ ಮೂರು ಹಳ್ಳ ತೋರಿಸುತ್ತೇವೆಂದು ಹಣ ಪಡೆಯುವವರು ನಡುವೆ ಬೂಟು ತೊಳೆದು ಒಣಗಿಸುವುದುಂಟೇ?

ಮಲಬಾರಿನ ಹಾರುಕಪ್ಪೆ ಕೆರೆ, ಹೊಂಡಗಳ ಮೇಲೆ ಚಾಚಿದ ಎಲೆಗಳಲ್ಲಿ ನೊರೆಗೂಡು ಕಟ್ಟುತ್ತದೆ. ಮೊಟ್ಟೆಯೊಡೆದ ಮರಿಗಳು ನೇರವಾಗಿ ಕೆಳಗಿನ ನೀರಿಗೆ ಬೀಳಬೇಕು. ಚಿತ್ರಕ್ಕೆ ಅಡ್ಡ ಬಂತೆಂದು ಟೊಂಗೆಯನ್ನು ಪಕ್ಕಕ್ಕೆ ಬಗ್ಗಿಸಿ ಕಟ್ಟಿದರೆ ಗೊದಮೊಟ್ಟೆಗಳು ಮಣ್ಣಿಗೆ ಬೀಳುತ್ತವೆ. 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಉತ್ತರ ಕನ್ನಡದ ಕುಂಬಾರ ಕಪ್ಪೆಯಲ್ಲಿ ಗಂಡು ಮೊಟ್ಟೆಗಳಿಗೆ ಕೈಯಾರೆ ಕೆಸರು ಮೆತ್ತುತ್ತದೆ. ಕತ್ತಲಲ್ಲಿ ನಡೆಯುವ ಈ ಕೆಲಸವನ್ನು ದಾಖಲಿಸಿದವರು ಕಾದು ಕುಳಿತು ದಾಖಲಿಸಿದರು. ಆರು ಫ್ಲಾಶ್‌ಗಳ ಮುಂದೆ ಯಾವ ಕುಂಬಾರ ಮಡಕೆ ಮಾಡಿಯಾನು?

ತಿದ್ದುವಿಕೆಯ ಮಾತು ಬೇರೆ. ಬೆಳಕು ತುಸು ಏರಿಸುವುದು, ಅಂಚು ಕತ್ತರಿಸುವುದು ಎಲ್ಲರೂ ಒಪ್ಪುವಂಥದ್ದು. ಹಿನ್ನೆಲೆಯ ಒಣಗಿದ ಎಲೆ, ಅಡ್ಡ ಬಂದ ಕಡ್ಡಿ, ಕಪ್ಪೆಯ ಕಾಲಿಗೆ ಅಂಟಿದ ಕೆಸರು ಎಲ್ಲವನ್ನೂ ಅಳಿಸಿ ಕಪ್ಪು ಪರದೆ ಹಾಸುವುದು ಬೇರೆ. ಕೀಟ ಯಾವ ಗಿಡದ ಮೇಲಿತ್ತು ಎಂಬುದು ಕೃಷಿವಿಜ್ಞಾನದಲ್ಲಿ ಅರ್ಧ ಮಾಹಿತಿ. ಪೀಡೆಯೋ ಪೀಡೆಯ ಶತ್ರುವೋ ಎಂದು ನಿರ್ಣಯಿಸಲು ಅನೇಕ ಸಲ ಅದೇ ಸುಳಿವು. ಅದನ್ನು ಅಳಿಸಿ ಹಸಿರನ್ನು ಗಿಳಿಹಸಿರಾಗಿಸಿದ ಚಿತ್ರ ಗೋಡೆಗೆ ಚೆನ್ನ, ಬೇರಾವುದಕ್ಕೂ ಬಾರದು.

ದೊಡ್ಡ ಪ್ರಾಣಿಯ ಸುಳ್ಳು ಒಮ್ಮೊಮ್ಮೆ ಸಿಕ್ಕಿಬೀಳುತ್ತದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ಸ್ಪರ್ಧೆಯಲ್ಲಿ ಪಳಗಿದ ತೋಳವೆಂಬ ಕಾರಣಕ್ಕೆ 2010ರಲ್ಲಿ ಒಂದು ಬಹುಮಾನ ರದ್ದಾಯಿತು. ಸತ್ತು ಹುರಿ ತುಂಬಿದ ಇರುವೆಬಾಕವೆಂದು 2018ರಲ್ಲಿ ಇನ್ನೊಂದು. ತರಗೆಲೆಯಡಿಯ ಕಪ್ಪೆಯ ಪರ ಸಾಕ್ಷಿ ನುಡಿಯುವವರು ಯಾರು?

ಕಾನೂನೂ ಇಲ್ಲಿ ಮೌನ. 1972ರ ವನ್ಯಜೀವಿ ಕಾಯ್ದೆಯ ‘ಬೇಟೆ’ ಎಂಬ ವ್ಯಾಖ್ಯೆಯಲ್ಲಿ ಹಕ್ಕಿ ಮತ್ತು ಸರೀಸೃಪಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ; ಕಪ್ಪೆಯ ಮೊಟ್ಟೆಗೆ ಆ ವಾಕ್ಯದಲ್ಲಿ ಸ್ಥಳವಿಲ್ಲ. ಆವಾಸಕ್ಕೆ ಧಕ್ಕೆಯಾಗದಂತೆ ಚಿತ್ರ ತೆಗೆಯಬೇಕೆಂಬ 2022ರ ತಿದ್ದುಪಡಿ ಅಭಯಾರಣ್ಯದ ಪ್ರವೇಶ ಪರವಾನಗಿಗೆ ಸಂಬಂಧಿಸಿದ್ದು. ತೋಟದ ಹೊಂಡಕ್ಕೂ ಸೊಪ್ಪಿನ ಬೆಟ್ಟಕ್ಕೂ ಅದು ತಲುಪುವುದಿಲ್ಲ.

ಚಿತ್ರಗಳಿಂದಲೇ ಜನರಿಗೆ ಕಪ್ಪೆಯ ಮೇಲೆ ಪ್ರೀತಿ ಹುಟ್ಟಿತು ಎಂಬ ವಾದದಲ್ಲಿ ಸತ್ಯವಿದೆ. ಹಳ್ಳ ತಿರುಗಿಸುವ ಪೈಪು, ರಸ್ತೆ ಅಗಲೀಕರಣ, ತೋಟದ ವಿಷ ಇವುಗಳಿಂದ ಸಾಯುವ ಕಪ್ಪೆಗಳೇ ಹೆಚ್ಚು ಎಂಬುದೂ ಸತ್ಯ. ಆದರೆ ಒಂದೇ ಕಣಿವೆಗೆ ಸೀಮಿತವಾದ ಪ್ರಭೇದಕ್ಕೆ ಏಳು ಕಪ್ಪೆಗಳ ನಷ್ಟ ಸಣ್ಣದಲ್ಲ. ಛಾಯಾಗ್ರಾಹಕರು ಹುಡುಕಿಕೊಂಡು ಹೋಗುವುದು ಅಂಥ ಅಪರೂಪದವನ್ನೇ.

ಸ್ಪರ್ಧೆ ನಡೆಸುವವರು ತಿದ್ದದ ಮೂಲ ಕಡತವನ್ನೂ, ಜೀವಿಯನ್ನು ಮುಟ್ಟಿಲ್ಲ, ಸ್ಥಳಾಂತರಿಸಿಲ್ಲ ಎಂಬ ಲಿಖಿತ ಹೇಳಿಕೆಯನ್ನೂ ಕೇಳಲಿ. ಪರಿಸರ ಸಂಘಟನೆಗಳ ಕ್ಯಾಲೆಂಡರುಗಳು ಮೊದಲು ಈ ನಿಯಮಕ್ಕೆ ಒಳಪಡಲಿ. ಕಳೆದ ವರ್ಷಗಳ ಪುಟ ತಿರುವಿದರೆ ಮುಜುಗರವಾಗುವುದು ಖಚಿತ. ಅಪರೂಪದ ಕಪ್ಪೆಯ ನೆಲೆಯ ವಿವರ ಚಿತ್ರದ ಜೊತೆ ಹಂಚುವುದು ನಿಲ್ಲಲಿ. ದಾರಿ ತೋರಿಸುವ ಊರ ಹುಡುಗರಿಗೆ ಕೊಡುವ ಸಂಭಾವನೆ ಕಂಡ ಕಪ್ಪೆಗಳ ಲೆಕ್ಕದಲ್ಲಿ ಬೇಡ, ನಡೆದ ರಾತ್ರಿಗಳ ಲೆಕ್ಕದಲ್ಲಿರಲಿ. ಏನೂ ಕಾಣದ ರಾತ್ರಿಗೂ ಅಷ್ಟೇ ಹಣ.