ದೀಪ ಆರಿಸುವ ಪಾಳಿ

ಬೆಂಗಳೂರಿನಲ್ಲಿರುವ ಮಗನ ಮನೆಗೆ ಬೇಸಿಗೆಯಲ್ಲಿ ಹೋಗಿದ್ದೆ. ಅವನಿಗೆ ವಾರದಲ್ಲಿ ಮೂರು ದಿನ ಕಚೇರಿ, ಎರಡು ದಿನ ಮನೆಯಿಂದಲೇ ಕೆಲಸ. ಒಂದು ಮಧ್ಯಾಹ್ನ ಕಾಫಿ ಕೊಡಲೆಂದು ಅವನ ಕೋಣೆಯ ಬಾಗಿಲು ತೆರೆದೆ. ಕಿಟಕಿಗೆ ಪರದೆ ಎಳೆದಿತ್ತು. ಹಾಡುಹಗಲಿನಲ್ಲಿ ಎರಡು ದೀಪಗಳು ಉರಿಯುತ್ತಿದ್ದವು. ಎ.ಸಿ. 20 ಡಿಗ್ರಿಯಲ್ಲಿತ್ತು. ಮಗರಾಯ ಶಾಲು ಹೊದ್ದು ಕುಳಿತಿದ್ದ!

"ಚಳಿಯಾದರೆ ಎ.ಸಿ. ಆರಿಸಬಾರದೇನೋ?" ಎಂದೆ.

"ಅಪ್ಪಯ್ಯ, ಪರಿಸರದ ಬಗ್ಗೆ ಕಂಪನಿಯಲ್ಲಿ ನಮಗೆ ತರಬೇತಿಯೇ ಆಗಿದೆ, ಪ್ರಮಾಣಪತ್ರವೂ ಬಂದಿದೆ" ಎಂದು ನಕ್ಕ. "ಅಲ್ಲದೆ ಇವತ್ತು ನಾನು ಕಾರನ್ನೇ ಹೊರಗೆ ತೆಗೆದಿಲ್ಲವಲ್ಲ!"

ಮೂವತ್ತು ವರ್ಷ ಗಣಿತ, ವಿಜ್ಞಾನ ಹೇಳಿಕೊಟ್ಟವನು ನಾನು. ಲೆಕ್ಕ ಮಾಡದೆ ಒಪ್ಪುವ ಜಾಯಮಾನ ನನ್ನದಲ್ಲ. ಅಂದು ಬೆಳಿಗ್ಗೆ ಮತ್ತು ರಾತ್ರಿಯ ಮೀಟರು ನೋಡಿದಾಗ 15 ಯೂನಿಟ್ ಓಡಿತ್ತು. ಮರುದಿನ ಕಿಟಕಿ ತೆರೆದು, ಫ್ಯಾನ್ ಮಾತ್ರ ಹಾಕಿಕೊಂಡು ಕೆಲಸ ಮಾಡೆಂದು ಅವನನ್ನು ಒಪ್ಪಿಸಿದೆ. ಆ ದಿನ ಓಡಿದ್ದು 6 ಯೂನಿಟ್. ವ್ಯತ್ಯಾಸ 9. ನಮ್ಮ ದೇಶದ ಸರಾಸರಿಯಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ. ಅಂದರೆ ಆರು ಕಿಲೋಗಿಂತ ತುಸು ಹೆಚ್ಚು. ಇನ್ನು ಕಾರು. ಕಚೇರಿಗೆ ಹೋಗಿ ಬರಲು 40 ಕಿಲೋಮೀಟರ್. ಲೀಟರಿಗೆ 15ರಂತೆ ಹಿಡಿದರೆ ಸುಮಾರು 2.7 ಲೀಟರ್ ಪೆಟ್ರೋಲ್. ಒಂದು ಲೀಟರಿಗೆ 2.3 ಕಿಲೋ. ಅದೂ ಆರು ಕಿಲೋಗಿಂತ ತುಸು ಹೆಚ್ಚು! ಕಾರು ತೆಗೆಯದೆ ಉಳಿಸಿದ ಪುಣ್ಯವನ್ನೆಲ್ಲ ಎ.ಸಿ. ತಿಂದು ಮುಗಿಸಿತ್ತು. ಅವನು ಹೋಗದಿದ್ದರೂ ಅವನ ಕಚೇರಿಯ ಎ.ಸಿ. ನಿಂತಿರಲಿಲ್ಲ ಎಂಬುದು ಬೇರೆ ಮಾತು.

ಮನೆಯಿಂದ ಕೆಲಸ ಮಾಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. 2020ರ ಲಾಕ್‌ಡೌನ್ ಕಲಿಸಿದ ಒಳ್ಳೆಯ ಪಾಠಗಳಲ್ಲಿ ಅದೂ ಒಂದು. ಆದರೆ ಮನೆಯಲ್ಲಿ ಕುಳಿತ ಮಾತ್ರಕ್ಕೆ ಪರಿಸರ ಉಳಿಯಿತೆಂಬ ಸಮಾಧಾನ ಸುಳ್ಳು. ಹಿಂದೆ ನೂರು ಜನ ಒಂದು ಸೂರಿನಡಿ ಹಂಚಿಕೊಳ್ಳುತ್ತಿದ್ದ ತಂಪನ್ನು ಈಗ ನೂರು ಕೋಣೆಗಳಲ್ಲಿ ಬೇರೆ ಬೇರೆಯಾಗಿ ತಯಾರಿಸುತ್ತಿದ್ದೇವೆ.

ಈ ವಿಷಯ ನನ್ನನ್ನು ಇಷ್ಟು ಕಾಡಲು ಒಂದು ಕಾರಣವಿದೆ. ನನ್ನ ಮೊದಲ ಶಾಲೆ ಇದ್ದದ್ದು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಅಂಚಿನಲ್ಲಿ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಗದ್ದೆ, ತೋಟ, ದೇವಸ್ಥಾನಗಳನ್ನು ಕಳೆದುಕೊಂಡ ಮನೆತನಗಳ ಮಕ್ಕಳು ನನ್ನ ತರಗತಿಯಲ್ಲಿದ್ದರು. ಒಂದು ದಿನ ಜಲವಿದ್ಯುತ್ತಿನ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಕರೆಂಟು ನಮ್ಮೂರಿನ ನೀರಿಂದಲೇ ಆಗೋದಾದರೆ ನಮ್ಮನೇಲಿ ಚಿಮಣಿ ದೀಪ ಯಾಕೆ?" ಎಂದ. ನಾನು ಕಪ್ಪುಹಲಗೆಯ ಕಡೆ ತಿರುಗಿ ಚಿತ್ರ ಬರೆಯುವುದನ್ನು ಮುಂದುವರಿಸಿದೆ. ಆ ಪ್ರಶ್ನೆಗೆ ನನ್ನಲ್ಲಿ ಅಂದೂ ಉತ್ತರವಿರಲಿಲ್ಲ, ಇಂದೂ ಇಲ್ಲ.

ಇಂದು ಬೆಂಗಳೂರಿಗೆ ಬರುವ ವಿದ್ಯುತ್ತು ಶರಾವತಿಯದು ಮಾತ್ರವಲ್ಲ. ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ ಕಲ್ಲಿದ್ದಲು ಸುಡುತ್ತಾರೆ. ಅಲ್ಲಿನ ಬೂದಿ ಅಲ್ಲಿನವರ ಪಾಲಿಗೆ. ಪ್ರತಿಯೊಂದು ಸ್ವಿಚ್ಚಿನ ಹಿಂದೆಯೂ ಯಾರದೋ ಊರಿದೆ. ತರಬೇತಿಯ ಪ್ರಮಾಣಪತ್ರದಲ್ಲಿ ಆ ಊರಿನ ಹೆಸರು ಇರುವುದಿಲ್ಲ.

ನಮ್ಮ ಕಾಲದವರು ಮಹಾ ಪರಿಸರವಾದಿಗಳಾಗಿದ್ದರೆಂದು ಬೀಗುವ ಹಾಗೂ ಇಲ್ಲ. ಉತ್ತರಪತ್ರಿಕೆಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಹೊಲಿದು ಲೆಕ್ಕದ ಪುಸ್ತಕ ಮಾಡುತ್ತಿದ್ದೆವು, ಬರುವ ಲಕೋಟೆಗಳನ್ನು ಬಿಚ್ಚಿ ಮಗುಚಿ ಮತ್ತೆ ಅಂಟಿಸುತ್ತಿದ್ದೆವು, ಸ್ಟೀಲ್ ಲೋಟಗಳನ್ನು ನಾವೇ ತೊಳೆದಿಡುತ್ತಿದ್ದೆವು. ಅದು ಆದರ್ಶವಲ್ಲ, ಬಡತನ. ಅನುಕೂಲ ಬಂದ ಕೂಡಲೇ ನಾವೂ ಬದಲಾದೆವು. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಶಾಲೆಗೆ ದಾನವಾಗಿ ಬಂದ ಮೊದಲ ಕಂಪ್ಯೂಟರನ್ನು, ಆರಿಸಿದರೆ ಮತ್ತೆ ಹತ್ತದೇನೋ ಎಂಬ ಭಯದಿಂದ, ಹಗಲೂ ರಾತ್ರಿ ತಿಂಗಳುಗಟ್ಟಲೆ ಉರಿಸಿದವನು ನಾನೇ! ಇಲ್ಲದಾಗ ಮಿತವಾಗಿರುವುದು ಸುಲಭ; ಇದ್ದಾಗ ಮಿತವಾಗಿರುವುದೇ ಕಷ್ಟ.

ಹಾಗಾದರೆ ದಾರಿ ಏನು? ಗೋಡೆಗೆ ಅಂಟಿಸಿದ ಭಿತ್ತಿಪತ್ರದಿಂದ ಅಭ್ಯಾಸ ಹುಟ್ಟುವುದಿಲ್ಲ. 'ಎಲ್ಲರ ಕೆಲಸ' ಯಾರ ಕೆಲಸವೂ ಅಲ್ಲ. ಶಾಲೆಯಲ್ಲಿ ನಾವು ಪಾಳಿ ಹಾಕುತ್ತಿದ್ದೆವು. ಈ ವಾರ ಕಿಟಕಿ ಮುಚ್ಚಿ ದೀಪ ಆರಿಸುವ ಹೊಣೆ ಇಂಥವನದು ಎಂದು ಹೆಸರು ಬರೆದರೆ ಸಾಕು, ಆ ಹುಡುಗ ಹೆಡ್‌ಮಾಸ್ತರರ ಕೋಣೆಯ ಫ್ಯಾನನ್ನೂ ಬಿಡುತ್ತಿರಲಿಲ್ಲ. ಕಚೇರಿಗಳಲ್ಲೂ ಮನೆಗಳಲ್ಲೂ ಇಂಥ ಪಾಳಿ ಏಕಿರಬಾರದು? ಕಚೇರಿಗೆ ಅರ್ಧದಷ್ಟೇ ಜನ ಬರುವ ದಿನ ಎಲ್ಲರನ್ನೂ ಒಂದೇ ಅಂತಸ್ತಿನಲ್ಲಿ ಕೂರಿಸಿ ಉಳಿದುದನ್ನು ಏಕೆ ಆರಿಸಬಾರದು? ಹೊಸ ಎ.ಸಿ.ಗಳು 2020ರಿಂದ 24 ಡಿಗ್ರಿಗೆ ಹೊಂದಿಸಿಯೇ ಬರುತ್ತವೆ. ನಾವೇ ಅದನ್ನು ಇಳಿಸುತ್ತೇವೆ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ. ಮುಖ್ಯವಾಗಿ, ವಾರಕ್ಕೊಮ್ಮೆ ಮೀಟರು ಓದಿ. ಗೃಹಜ್ಯೋತಿಯಿಂದಾಗಿ 2023ರಿಂದ ಬಹಳಷ್ಟು ಮನೆಗಳಿಗೆ ಶೂನ್ಯ ಬಿಲ್ಲು ಬರುತ್ತಿದೆ. ಬಡವರಿಗೆ ಅದು ದೊಡ್ಡ ಆಸರೆ, ನನಗೆ ಸಂತೋಷವೇ. ಆದರೆ ಬಿಲ್ಲು ಶೂನ್ಯವಾದರೆ ಖರ್ಚು ಶೂನ್ಯವೆಂದು ಅರ್ಥವಲ್ಲ.

ನಾನು ಊರಿಗೆ ಹೊರಡುವ ಹೊತ್ತಿಗೆ ಮಗನ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿತ್ತು. ಮೊಮ್ಮಗಳೇ ಬರೆದ ಪಾಳಿಯ ಪಟ್ಟಿ. ಮೊದಲ ವಾರ ಅಪ್ಪನದು. ಈಗ ಫೋನು ಮಾಡಿದಾಗಲೆಲ್ಲ ಅವಳು ಕೇಳುವ ಮೊದಲ ಪ್ರಶ್ನೆ: "ಅಜ್ಜ, ನಿಮ್ಮ ಕಂಪ್ಯೂಟರ್ ಆರಿಸಿದಿರಾ?"

ಆದ್ದರಿಂದ ಈ ಬರಹವನ್ನು ಇಲ್ಲಿಗೇ ಮುಗಿಸುತ್ತೇನೆ. ನಿಮ್ಮ ಮನೆಯಲ್ಲಿ ಈ ವಾರದ ಪಾಳಿ ಯಾರದು?