ಅರ್ಜಿ ಕನ್ನಡದಲ್ಲಿರಲಿ

ಸ್ಥಳೀಯ ಸಂಸ್ಥೆಗಳ ಚುನಾವಣೆಗೆ 2025ರ ಡಿಸೆಂಬರ್ 11ರಂದು ನಮ್ಮ ಜಿಲ್ಲೆ ಮತ ಹಾಕಿತು. 13ರಂದು ಎಣಿಕೆ ನಡೆದು, ಜಿಲ್ಲೆಯ 38 ಗ್ರಾಮ ಪಂಚಾಯತುಗಳಿಗೂ ಮೂರು ನಗರಸಭೆಗಳಿಗೂ ಹೊಸ ಸದಸ್ಯರು ಬಂದರು. ಗೆದ್ದವರ ಮೆರವಣಿಗೆ, ಸೋತವರ ಲೆಕ್ಕಾಚಾರ ಎಲ್ಲವೂ ಯಥಾಪ್ರಕಾರ ನಡೆದುಹೋದವು. ಇನ್ನು ಐದು ವರ್ಷ ತನಗೇನೂ ಕೆಲಸವಿಲ್ಲವೆಂದು ಮತದಾರನು ಮನೆ ಸೇರುವುದು ಎಲ್ಲ ಕಡೆಯ ವಾಡಿಕೆ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಮಾತ್ರ ಆ ಸೌಕರ್ಯವಿಲ್ಲ. ಚುನಾವಣೆಯ ಕಾಲಕ್ಕೆ ಕನ್ನಡದಲ್ಲಿ ಮಾತನಾಡಿಸಲು ಮನೆ ಬಾಗಿಲಿಗೆ ಬಂದವರು ಅನಂತರ ಕಚೇರಿಯಲ್ಲಿ ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಾರೆ ಎಂಬುದನ್ನು ನೋಡಿಕೊಳ್ಳುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.

ಇದನ್ನು ಬರೆಯಲು ಕಾರಣವಾದ ಒಂದು ಸಣ್ಣ ಪ್ರಸಂಗವನ್ನು ಓದುಗರ ಮುಂದಿಡುತ್ತೇವೆ. ಪಟ್ಟಣದ ಒಂದು ವಾರ್ಡ್ ಸಭೆ. ನೋಟೀಸು ಬಂದದ್ದು ಮಲೆಯಾಳದಲ್ಲಿ. ಸಭೆ ನಡೆದದ್ದೂ ಮಲೆಯಾಳದಲ್ಲಿ. ಹಿಂದಿನ ಸಾಲಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು, ಸೆರಗಿನ ತುದಿಯಲ್ಲಿ ರೇಷನ್ ಕಾರ್ಡನ್ನು ಕಟ್ಟಿಕೊಂಡು, ಒಂದೂವರೆ ತಾಸು ಸುಮ್ಮನೆ ಕುಳಿತಿದ್ದರು. ಮನೆ ರಿಪೇರಿಯ ಸಹಾಯಧನಕ್ಕೆ ಹೆಸರುಗಳನ್ನು ಓದಿದರು. ಆಕ್ಷೇಪವಿದ್ದವರು ಹೇಳಬಹುದು ಎಂದರು. ಯಾರೂ ಹೇಳಲಿಲ್ಲ, ಪಟ್ಟಿ ಮಂಜೂರಾಯಿತು. ಜನ ಏಳುವಾಗ ಆ ಹೆಂಗಸು ಪಕ್ಕದವರನ್ನು ಕೇಳಿದರು: "ನನ್ನ ಹೆಸರು ಯಾವಾಗ ಕರೆಯುತ್ತಾರೆ?" ಅವರ ಹೆಸರು ಪಟ್ಟಿಯಲ್ಲಿರಲಿಲ್ಲ. ಅರ್ಜಿಯ ಜೊತೆ ಇನ್ನೊಂದು ದಾಖಲೆ ಕೊಡಬೇಕೆಂದು ಎರಡು ತಿಂಗಳ ಹಿಂದೆಯೇ ಕಾಗದ ಹೋಗಿತ್ತಂತೆ. ಮನೆಯಲ್ಲಿ ಓದಬಲ್ಲವರಿಲ್ಲದೆ ಅದು ದೇವರ ಪಟದ ಹಿಂದೆ ಸೇರಿತ್ತು. ಕೊನೆಗೆ ಅವರಿಗೆ ವಿಷಯವನ್ನು ತಿಳಿಯಹೇಳಿದವಳು ಕುಟುಂಬಶ್ರೀಯ ಒಬ್ಬ ಮಲೆಯಾಳಿ ತರುಣಿ. ತನಗೆ ಬಂದಷ್ಟು ತುಳುವಿನಲ್ಲಿ, ಸಮಾಧಾನದಿಂದ. ಆ ಸಭೆಯಲ್ಲಿದ್ದ ಕನ್ನಡಿಗರು, ನಾವೂ ಸೇರಿ, ಪಟ್ಟಿ ಓದುವಾಗ ಬಾಯಿ ತೆರೆದಿರಲಿಲ್ಲ.

ಈ ಪ್ರಸಂಗದಲ್ಲಿ ತಪ್ಪು ಯಾರದು? ಎರಡೂ ಭಾಷೆಯಲ್ಲಿ ನೋಟೀಸು ಕೊಡದ ಕಚೇರಿಯದು ಹೌದು. ಕನ್ನಡದಲ್ಲಿ ಓಟು ಕೇಳಿ ಮಲೆಯಾಳದಲ್ಲಿ ಮಾತ್ರ ಸಭೆ ನಡೆಸಿದ ಸದಸ್ಯರದೂ ಹೌದು. ಆದರೆ ಅಕ್ಷರ ಬಲ್ಲ, ಕಾನೂನು ಬಲ್ಲ, ಎರಡೂ ಭಾಷೆ ಬಲ್ಲ ಪೇಟೆಯ ಕನ್ನಡಿಗನ ಪಾಲು ಇದರಲ್ಲಿ ಎಷ್ಟು ಎಂಬುದನ್ನು ನಾವು ಕೇಳಿಕೊಳ್ಳುವುದೇ ಇಲ್ಲ.

ಕಾನೂನು ನಮಗೆ ಏನು ಕೊಟ್ಟಿದೆ ಎಂಬುದನ್ನು ಮೊದಲು ನೋಡೋಣ. ತನ್ನ ಕುಂದುಕೊರತೆಯ ಬಗ್ಗೆ ಒಕ್ಕೂಟದ ಅಥವಾ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬನಿಗೂ ಕೊಟ್ಟಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂಬ 350ಎ ವಿಧಿ, ರಾಜ್ಯ ಪುನರ್ವಿಂಗಡಣೆಯ ಕಾಲದಲ್ಲಿಯೇ, 1956ರ ಏಳನೆಯ ತಿದ್ದುಪಡಿಯಿಂದ ಬಂತು. ಕೇರಳದ 1969ರ ಅಧಿಕೃತ ಭಾಷಾ ಶಾಸನವು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯೆಟಿನೊಡನೆ, ಇಲಾಖೆಗಳ ಮುಖ್ಯಸ್ಥರೊಡನೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಗಳ ಸ್ಥಳೀಯ ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ಮಾಡಬಹುದೆಂದು ಹೇಳಿತು. ಉತ್ತರವೂ ಅದೇ ಭಾಷೆಯಲ್ಲಿರಬೇಕೆಂದು ಹೇಳಿತು. 2025ರ ಅಕ್ಟೋಬರಿನಲ್ಲಿ ವಿಧಾನಸಭೆ ಮಲೆಯಾಳ ಭಾಷಾ ವಿಧೇಯಕವನ್ನು ಅಂಗೀಕರಿಸಿದಾಗ ನಮ್ಮಲ್ಲಿ ಸಹಜವಾಗಿ ಕಳವಳ ಹುಟ್ಟಿತು. 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳು ಅದನ್ನು ವಿರೋಧಿಸಿ ಪತ್ರ ಬರೆದರು. ಅಲ್ಪಸಂಖ್ಯಾತರ ರಕ್ಷಣೆಗೆ ಅದರಲ್ಲಿಯೇ ಕಲಮು ಇದೆಯೆಂದು ಕೇರಳದ ಮುಖ್ಯಮಂತ್ರಿಗಳು ಉತ್ತರಿಸಿದರು. ಕಲಮು ಇರಲೇಬೇಕು, ಅದಕ್ಕಾಗಿ ಎಚ್ಚರದಿಂದಿರುವುದೂ ಅಗತ್ಯ. ಆದರೆ 1969ರಿಂದ ಇದ್ದ ಕಲಮನ್ನು ನಾವು ಎಷ್ಟು ಸಲ ಬಳಸಿದೆವು? ತಾಲೂಕು ಕಚೇರಿಗೆ, ಕೃಷಿ ಭವನಕ್ಕೆ, ವಿದ್ಯುತ್ ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆದು, ರಸೀತಿ ಪಡೆದು, ಉತ್ತರ ಮಲೆಯಾಳದಲ್ಲಿ ಬಂದಾಗ ಅದನ್ನು ಹಿಂದಕ್ಕೆ ಕಳುಹಿಸಿ ಕನ್ನಡದಲ್ಲಿ ಕೊಡಿರೆಂದು ಕೇಳಿದವರು ಓದುಗರಲ್ಲಿ ಎಷ್ಟು ಮಂದಿ? ಕೆಲಸ ಬೇಗ ಆಗಲಿ ಎಂದು ಯಾರಿಂದಲೋ ಮಲೆಯಾಳದಲ್ಲಿ ಬರೆಸಿ ಕೊಡುತ್ತೇವೆ. ಕನ್ನಡದ ಅರ್ಜಿಗಳೇ ಬರುವುದಿಲ್ಲ, ಆದುದರಿಂದ ಕನ್ನಡ ಬಲ್ಲ ಗುಮಾಸ್ತರ ಅಗತ್ಯವಿಲ್ಲ ಎಂದು ಕಚೇರಿ ಬರೆದಿಟ್ಟುಕೊಂಡರೆ ಅದಕ್ಕೆ ಪುರಾವೆ ಒದಗಿಸಿದವರು ನಾವೇ ಆಗುತ್ತೇವೆ.

ವಾರ್ಡ್ ಸಭೆಯ ವಿಷಯವೂ ಹೀಗೆಯೇ. ಕೇರಳದ ಪಂಚಾಯತ್ ರಾಜ್ ಮತ್ತು ನಗರಸಭಾ ಶಾಸನಗಳು 1994ರಲ್ಲಿ ಬಂದವು. 1996ರಲ್ಲಿ ಜನಕೀಯ ಯೋಜನೆ ಆರಂಭವಾದ ಮೇಲೆ ಹಣವೂ ಅಧಿಕಾರವೂ ಕೆಳಕ್ಕಿಳಿದವು. ದೇಶದ ಇತರ ಕಡೆಗಳ ಜನ ಇಲ್ಲಿಗೆ ಬಂದು ನೋಡಿ ಹೋಗುವಂತಹ ಏರ್ಪಾಟು ಇದು; ಇದನ್ನು ಮೆಚ್ಚಲು ನಮಗೆ ಸಂಕೋಚವಿಲ್ಲ. ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ವಾರ್ಡಿನ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಜನ ಬಂದರೆ ಮಾತ್ರ ಕೋರಂ. ಮನೆ, ಶೌಚಾಲಯ, ಹಸು, ತೆಂಗಿನ ಗೊಬ್ಬರದಿಂದ ಹಿಡಿದು ರಸ್ತೆಯ ದೀಪದವರೆಗೆ ಯಾರಿಗೆ ಏನು ಎಂಬ ಪಟ್ಟಿ ಅಲ್ಲಿಂದ ಮೇಲೆ ಹೋಗುತ್ತದೆ. ಆದರೆ ಪೇಟೆಯ ನಮ್ಮ ವಕೀಲರು, ಬ್ಯಾಂಕಿನವರು, ಅಂಗಡಿ ಮಾಲಿಕರು, ಅಧ್ಯಾಪಕರು ಆ ಸಭೆಗೆ ಹೋಗುವುದಿಲ್ಲ. ಅದು ಸಹಾಯಧನ ಬೇಕಾದವರ ಸಭೆ ಎಂಬ ಭಾವನೆ. ನವೆಂಬರ್ ಒಂದರಂದು ಭಾಷಣಕ್ಕೆ ಬರುತ್ತಾರೆ; ತಾಳಮದ್ದಲೆಗೆ ರಾತ್ರಿಯೆಲ್ಲ ಕೂರುತ್ತಾರೆ. ಎರಡೂ ಬೇಕು. ಆದರೆ ಸೆರಗಿನಲ್ಲಿ ರೇಷನ್ ಕಾರ್ಡು ಕಟ್ಟಿಕೊಂಡು ಬಂದ ಆ ಹೆಂಗಸಿನ ಕನ್ನಡಕ್ಕೆ ಅವುಗಳಿಂದ ಸಿಕ್ಕಿದ್ದೇನು ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ರಾಜ್ಯ ರಾಜಕೀಯದಲ್ಲಿ ನಮ್ಮ ಸ್ಥಾನವೇನು ಎಂಬ ಪ್ರಶ್ನೆಯನ್ನು ಇದರಿಂದ ಬೇರ್ಪಡಿಸಲಾಗದು. 1957ರ ಪ್ರಥಮ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. 1960ರಲ್ಲೂ 1967ರಲ್ಲೂ ಅಲ್ಲಿಂದ ಕಳ್ಳಿಗೆ ಮಹಾಬಲ ಭಂಡಾರಿಯವರು, 1967ರಲ್ಲಿ ಕಾಸರಗೋಡಿನಿಂದ ಯು.ಪಿ. ಕುಣಿಕುಳ್ಳಾಯರು ವಿಧಾನಸಭೆಗೆ ಹೋದರು. ಅನಂತರ ಕನ್ನಡಿಗರ ಓಟು ಪಕ್ಷಗಳಲ್ಲಿ ಹಂಚಿಹೋಯಿತು. ಅದೊಂದು ಅನರ್ಥವೆಂದು ನಾವು ಹೇಳುವುದಿಲ್ಲ. ಡಾ. ಎ. ಸುಬ್ಬರಾಯರು 1980ರಲ್ಲಿ ಮಂತ್ರಿಯಾದದ್ದು, ರಾಮಣ್ಣ ರೈಗಳು ಮೂರು ಬಾರಿ ಲೋಕಸಭೆಗೆ ಹೋದದ್ದು ಪಕ್ಷಗಳ ಮೂಲಕವೇ. ರೈತನಿಗೂ ಬೀಡಿ ಕಾರ್ಮಿಕನಿಗೂ ಭಾಷೆಯ ಹೊರತಾಗಿಯೂ ಬೇಡಿಕೆಗಳಿರುತ್ತವೆ. ಆದರೆ ಇತ್ತೀಚಿನ ದಶಕಗಳಲ್ಲಿ ನಮ್ಮ ಓಟು ಮತದ ಗಡಿಯಲ್ಲಿ ಸೀಳಿದೆ. ಮಂಜೇಶ್ವರದ ಫಲಿತಾಂಶ 2016ರಲ್ಲಿ ಕೇವಲ 89 ಮತಗಳಿಂದ, 2021ರಲ್ಲಿ 745 ಮತಗಳಿಂದ ತೀರ್ಮಾನವಾಯಿತು. ಇಷ್ಟು ಸಣ್ಣ ಅಂತರದ ಕ್ಷೇತ್ರದಲ್ಲಿ ಒಂದು ಭಾಷಾ ಸಮುದಾಯದ ಮಾತಿಗೆ ಎಷ್ಟು ತೂಕವಿರಬೇಕು! ಆದರೆ ಆ ತೂಕವನ್ನು ನಾವು ಒಬ್ಬರನ್ನೊಬ್ಬರು ಸೋಲಿಸಲು ಬಳಸಿದೆವು. ಕನ್ನಡ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕ ಬೇಕೆಂದು ಎಲ್ಲ ಅಭ್ಯರ್ಥಿಗಳಿಂದ ಮೊದಲೇ ಮಾತು ತೆಗೆದುಕೊಳ್ಳಲು ಬಳಸಲಿಲ್ಲ. 2021ರಲ್ಲಿ ಮುಸ್ಲಿಂ ಲೀಗಿನ ಶಾಸಕ ಎ.ಕೆ.ಎಂ. ಅಶ್ರಫರು ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ಹುಬ್ಬೇರಿಸಿದ ಕನ್ನಡಾಭಿಮಾನಿಗಳಿದ್ದರು. ಕನ್ನಡ ಒಂದು ಜಾತಿಯ, ಒಂದು ಮತದ ಮನೆಯ ಒಳಕೋಣೆಯಲ್ಲ. ಇಲ್ಲಿ ಬ್ಯಾರಿಯೂ ತುಳುವನೂ ಕೊಂಕಣಿಗನೂ ಮರಾಟಿಯೂ ಕೊರಗನೂ ಶಾಲೆಯಲ್ಲಿ ಕಲಿತ ಭಾಷೆ ಅದು. ಮನೆಮಾತು ಕೇಳಿ ಕನ್ನಡಿಗರನ್ನು ಎಣಿಸಲು ಹೊರಟರೆ ಉಳಿಯುವವರು ಬಹಳ ಕಡಿಮೆ.

ಗಡಿಯಾಚೆಗೆ ನೋಡುವವರಿಗೂ ಒಂದು ಮಾತು. 1956ರ ನವೆಂಬರ್ 1ರಂದು ಆದ ಅನ್ಯಾಯವನ್ನೂ, ಚಂದ್ರಗಿರಿಯ ಉತ್ತರದ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಬೇಕೆಂದ 1967ರ ಮಹಾಜನ ವರದಿಯನ್ನೂ ನಾವು ಮರೆತಿಲ್ಲ. ಆದರೆ 2020ರ ಮಾರ್ಚಿನಲ್ಲಿ ಕೋವಿಡ್ ಕಾಲಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದದ್ದು ನಾವು ತವರು ಎಂದು ಕರೆಯುವ ರಾಜ್ಯವೇ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಗಡಿಯಲ್ಲಿ ತಡೆಯಲ್ಪಟ್ಟು, ಹಲವರು ಪ್ರಾಣ ಬಿಟ್ಟರು. ಕನ್ನಡಿಗನೆಂದು ಯಾರಿಗೂ ದಾರಿ ಬಿಡಲಿಲ್ಲ. ಇತ್ತ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಗಿದ್ದರೂ, ಆ ಕಟ್ಟಡದಲ್ಲಿ ರೋಗಿಗಳಿಗೆ ಹಾಸಿಗೆ ಹಾಕಲು ಗಡಿ ಮುಚ್ಚಿದ ಆ ಅವಸರವೇ ಬೇಕಾಯಿತು. ಎರಡು ರಾಜ್ಯಗಳೂ ನಮ್ಮನ್ನು ಅಂಚಿನಲ್ಲಿಟ್ಟಾಗ ನಮ್ಮ ಕೈಯಲ್ಲಿ ಉಳಿಯುವುದು ನಮ್ಮದೇ ಪಂಚಾಯತು, ನಮ್ಮದೇ ಓಟು. ಹಿರಿಯರು ಇದನ್ನು ಬಲ್ಲವರಾಗಿದ್ದರು. ವಿಲೀನೀಕರಣದ ಬೇಡಿಕೆಯನ್ನು 2015ರಲ್ಲಿ ನೂರನೆಯ ವರ್ಷದಲ್ಲಿ ತೀರಿಕೊಳ್ಳುವವರೆಗೂ ಬಿಡದ ಕಯ್ಯಾರ ಕಿಞ್ಞಣ್ಣ ರೈಗಳು ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿಯೂ ದುಡಿದವರು. ಗಡಿಯ ಹೋರಾಟ ಮುಗಿಯಲಿ, ಅನಂತರ ಊರಿನ ಕೆಲಸ ನೋಡೋಣ ಎಂದು ಅವರು ಕಾದು ಕುಳಿತಿರಲಿಲ್ಲ.

ಕಚೇರಿಯ ಭಾಷೆ ಬಡವನಿಗೆ ಎಷ್ಟು ಮುಖ್ಯ ಎಂಬುದಕ್ಕೆ ಎಂಡೋಸಲ್ಫಾನ್ ಪೀಡಿತರ ಕಥೆಗಿಂತ ಬೇರೆ ಉದಾಹರಣೆ ಬೇಡ. ಸರಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ 2000ದವರೆಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ವಿಷ ಸುರಿಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕಗಳಂತಹ ಕನ್ನಡ–ತುಳು ಊರುಗಳೂ ಅದರ ಫಲ ಉಂಡವು. ಮೂರು ತಿಂಗಳೊಳಗೆ ಪ್ರತಿಯೊಬ್ಬ ಪೀಡಿತನಿಗೂ ಐದು ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿದರೂ, 2022ರಲ್ಲಿ ಅದೇ ಕೋರ್ಟು ಸರಕಾರವನ್ನು ಮತ್ತೆ ಗದರಿಸಬೇಕಾಯಿತು. ಪಟ್ಟಿಗೆ ಹೆಸರು ಸೇರಿಸಲು, ವೈದ್ಯಕೀಯ ಶಿಬಿರಕ್ಕೆ ಹೋಗಲು, ತಪ್ಪಾಗಿ ತೆಗೆದ ಹೆಸರಿಗೆ ಆಕ್ಷೇಪ ಬರೆಯಲು ಕಾಗದ ಬೇಕು. ಎದ್ದು ನಿಲ್ಲಲಾರದ ಮಗುವನ್ನು ಎತ್ತಿಕೊಂಡ ತಾಯಿಗೆ ಆ ಕಾಗದ ಅರ್ಥವಾಗದಿದ್ದರೆ ಅವಳ ಪಾಲಿಗೆ ಸುಪ್ರೀಂ ಕೋರ್ಟಿನ ಆದೇಶ ಕೂಡ ತಲಪುವುದಿಲ್ಲ.

ಶಾಲೆಯ ಬಗ್ಗೆ ಎರಡೇ ಮಾತು. 2017ರ ಶಾಸನ ಎಲ್ಲ ಶಾಲೆಗಳಲ್ಲಿ ಮಲೆಯಾಳವನ್ನು ಕಲಿಸಬೇಕೆಂದಿತು. ನೆರೆಯವರ ಭಾಷೆಯನ್ನು ಮಕ್ಕಳು ಕಲಿಯುವುದಕ್ಕೆ ನಮ್ಮ ವಿರೋಧವಿಲ್ಲ. ಇಲ್ಲಿ ಬಾಳಬೇಕಾದವರಿಗೆ ಅದು ಬೇಕು. ಕನ್ನಡ ಓದಲು ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ಗಣಿತ, ವಿಜ್ಞಾನ ಕಲಿಸಲು ಕಳುಹಿಸುವುದು ಮಾತ್ರ ಮಕ್ಕಳಿಗೂ, ಆ ಅಧ್ಯಾಪಕರಿಗೂ ಮಾಡುವ ಅನ್ಯಾಯ. ಆದರೆ ಇದನ್ನು ಪ್ರತಿಭಟಿಸುವ ಮುಂದಾಳುಗಳ ಮಕ್ಕಳು ಯಾವ ಶಾಲೆಯ ಬಸ್ಸು ಹತ್ತುತ್ತಾರೆ ಎಂಬುದನ್ನು ಕನ್ನಡ ಶಾಲೆಯಲ್ಲಿ ಪಾಠ ಹೇಳುವ ನಾವು ಪ್ರತಿದಿನ ಬೆಳಿಗ್ಗೆ ರಸ್ತೆ ಬದಿಯಲ್ಲಿ ನಿಂತು ನೋಡುತ್ತಿದ್ದೇವೆ.

ಆದುದರಿಂದ ಹೊಸ ಸದಸ್ಯರಲ್ಲಿ ನಮ್ಮ ವಿನಂತಿ ಮೂರು. ಕನ್ನಡಿಗರಿರುವ ವಾರ್ಡುಗಳಲ್ಲಿ ಸಭೆಯ ನೋಟೀಸು ಎರಡೂ ಭಾಷೆಯಲ್ಲಿರಲಿ. ಪಟ್ಟಿ ಮಂಜೂರಾಗುವ ಮೊದಲು ಅದನ್ನು ಕನ್ನಡದಲ್ಲಿಯೂ ಓದಿ ಹೇಳಲಿ. ಅರ್ಜಿಯ ನಮೂನೆಗಳು ಕನ್ನಡದಲ್ಲಿ ಕೌಂಟರಿನಲ್ಲಿಯೇ ಸಿಗಲಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಮನಸ್ಸಿದ್ದರೆ ಸಾಕು.

ಓದುಗರಲ್ಲಿಯೂ ವಿನಂತಿಯಿದೆ. ಮುಂದಿನ ವಾರ್ಡ್ ಸಭೆಗೆ ಹೋಗಿ. ನಿಮಗೇನೂ ಬೇಡದಿದ್ದರೂ ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತವರಿಗೆ ವಿಷಯ ತಿಳಿಸಿ. ಯುವಕ ಮಂಡಲಗಳು, ಗ್ರಂಥಾಲಯಗಳು, ಯಕ್ಷಗಾನ ಸಂಘಗಳು ತಿಂಗಳಿಗೊಂದು ಸಂಜೆ ಅರ್ಜಿ ಬರೆದುಕೊಡುವ ಏರ್ಪಾಟು ಮಾಡಲಿ. ಅಧ್ಯಾಪಕರೂ ನಿವೃತ್ತ ನೌಕರರೂ ಅಲ್ಲಿ ಕುಳಿತುಕೊಳ್ಳಲಿ. ಅರ್ಜಿಯನ್ನು ಕನ್ನಡದಲ್ಲಿ ಬರೆಯಿರಿ, ಪ್ರತಿ ಇಟ್ಟುಕೊಳ್ಳಿ, ರಸೀತಿ ಕೇಳಿ. ಉತ್ತರ ಬೇರೆ ಭಾಷೆಯಲ್ಲಿ ಬಂದರೆ ವಿನಯದಿಂದ ಹಿಂದಕ್ಕೆ ಕಳುಹಿಸಿ. ಆ ಪತ್ರಗಳ ವಿವರವನ್ನು ನಮಗೂ ಬರೆಯಿರಿ. ಹೆಸರನ್ನು ಗೋಪ್ಯವಾಗಿಟ್ಟು, ಬಂದ ಉತ್ತರವನ್ನೂ ಬಾರದ ಉತ್ತರವನ್ನೂ ಈ ಪತ್ರಿಕೆಯಲ್ಲಿ ಪ್ರಕಟಿಸುವೆವು.

ಆ ಹೆಂಗಸಿನ ಅರ್ಜಿಯನ್ನು ಮೊನ್ನೆ ಮತ್ತೆ ಬರೆದು ಕೊಡಲಾಗಿದೆ. ಕನ್ನಡದಲ್ಲಿಯೇ. ಕೌಂಟರಿನಲ್ಲಿದ್ದವರು ಸ್ವಲ್ಪ ಹೊತ್ತು ಅದನ್ನು ತಿರುಗಿಸಿ ನೋಡಿ, ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ಸೀಲು ಹಾಕಿ ರಸೀತಿ ಕೊಟ್ಟರು. ಉತ್ತರಕ್ಕಾಗಿ ಕಾಯುತ್ತಿದ್ದೇವೆ.