ಕೊಡಗೆಯೂ ಶಾಪವೂ

ಕಾನೂನು ನಿಷೇಧಿಸಿರುವ ಕೃತ್ಯವನ್ನು ಎಸಗದಿದ್ದುದಕ್ಕಾಗಿ ಭೂಮಾಲೀಕನಿಗೆ ಹಣ ಸಲ್ಲಬೇಕೆ? ಮುಂಬಯಿಯ ಖಾಡಿಗಳ ಅಂಚಿನ ಕಾಂಡ್ಲಾವನಗಳ ಮಟ್ಟಿಗೆ ಇದು ಕೇವಲ ತರ್ಕದ ಪ್ರಶ್ನೆಯಲ್ಲ. (ನಮ್ಮ ಕರಾವಳಿಯ ‘ಕಾಂಡ್ಲಾ’ ಮರಾಠಿಯಲ್ಲಿ ‘ಕಾಂದಳವನ’ವಾಗಿರುವುದನ್ನು ಭಾಷಾಭ್ಯಾಸಿಗಳು ಗಮನಿಸಬಹುದು.)

ನಿಷೇಧಗಳಿಗೇನೂ ಕೊರತೆಯಿಲ್ಲ. 1991ರ ಫೆಬ್ರವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಟಿತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರವೇ ಮುಳುಗಿತು. ಅದೇ ಅಕ್ಟೋಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಾಂಡ್ಲಾ ನಾಶವನ್ನೂ ಅದರ ಸುತ್ತ 50 ಮೀಟರಿನೊಳಗಿನ ಕಟ್ಟಡಗಳನ್ನೂ ತಡೆಯಿತು. 2018ರ ತೀರ್ಪು ಈ ನಾಶವನ್ನು ಜೀವಿಸುವ ಹಕ್ಕಿನ ಉಲ್ಲಂಘನೆಯೆಂದೇ ಪರಿಗಣಿಸಿತು. ಆದರೂ ಕಾಂಡ್ಲಾ ಸಾಯಲು ಕೊಡಲಿಯೇ ಬೇಕಾಗಿಲ್ಲ. ಉಬ್ಬರದ ನೀರು ಬರುವ ಕಾಲುವೆಯ ಬಾಯಿಗೆ ಕಟ್ಟಡದ ಅವಶೇಷ ಸುರಿದರೆ ಸಾಕು, ಬೇರು ಉಸಿರುಗಟ್ಟುತ್ತದೆ. ಕಾನೂನು ಕಡಿಯುವವನ ಕೈ ಹಿಡಿಯಬಲ್ಲದು. ಕಾಲುವೆ ಬಿಡಿಸುವ, ಕಸ ಎತ್ತುವ, ಕಾವಲು ಕೂರುವ ಕೈಯನ್ನು ಅದು ಸೃಷ್ಟಿಸಲಾರದು. ವಿಕ್ರೋಲಿಯಲ್ಲಿ ಗೋದ್ರೆಜ್ ಸಂಸ್ಥೆ ತನ್ನ ಭೂಮಿಯ ಕಾಂಡ್ಲಾವನವನ್ನು ಉಳಿಸಿಕೊಂಡು ಬಂದಿದೆ, ನಿಜ. ಎಲ್ಲ ಮಾಲೀಕರಿಗೂ ಆ ಬಲವಿಲ್ಲ.

ಮುಂಬಯಿಗೆ ಪ್ರತಿಫಲದ ಕಲ್ಪನೆ ಹೊಸತಲ್ಲ. ಉದ್ಯಾನಕ್ಕೋ ರಸ್ತೆಗೋ ಮೀಸಲಾದ ಜಾಗವನ್ನು ಬಿಟ್ಟುಕೊಟ್ಟವನಿಗೆ 1991ರ ಅಭಿವೃದ್ಧಿ ನಿಯಮಗಳು ವರ್ಗಾಯಿಸಬಹುದಾದ ನಿರ್ಮಾಣ ಹಕ್ಕನ್ನು, ಎಲ್ಲರ ಬಾಯಲ್ಲಿರುವ ಟಿ.ಡಿ.ಆರ್. ಅನ್ನು, ಕೊಟ್ಟವು. ಆ ಹಕ್ಕು ಮಾರಾಟವಾಗಿ ಉಪನಗರಗಳಲ್ಲಿ ಅಂತಸ್ತುಗಳಾಗಿ ಎದ್ದಿತು. ಒಂದೆಡೆ ಉಳಿಸಿದ ಬಯಲಿನ ಬೆಲೆಯನ್ನು ಇನ್ನೊಂದೆಡೆಯ ಗಾಳಿ, ನೀರು, ಚರಂಡಿಗಳು ತೆತ್ತವು. ಕಾಂಡ್ಲಾವನಕ್ಕೆ ಈ ನಾಣ್ಯ ಸಲ್ಲದು. ಒಮ್ಮೆ ಕೊಟ್ಟು ಮರೆಯುವ ಪರಿಹಾರವೂ ಸಲ್ಲದು. ವರ್ಷವರ್ಷವೂ ನೋಡಿ, ಅಳೆದು, ಮಾಡಿದ ಕೆಲಸಕ್ಕೆ ಕೊಡುವ ಕೂಲಿಯಾಗಬೇಕು.

ಹಣ ನಿಂತ ದಿನ ಕೊಡಲಿ ಏಳುವುದಿಲ್ಲವೆ ಎಂಬ ಆಕ್ಷೇಪ ಬಲವಾದದ್ದೇ. ಅದಕ್ಕೆಂದೇ ನಿಷೇಧ ಉಳಿಯಬೇಕು. ಕೋಸ್ಟರಿಕಾ ದೇಶದ 1996ರ ಅರಣ್ಯ ಕಾಯಿದೆ ಕಾಡನ್ನು ಬೇರೆ ಬಳಕೆಗೆ ತಿರುಗಿಸುವುದನ್ನು ನಿಷೇಧಿಸಿತು. ಅದೇ ಕಾಯಿದೆ ಕಾಡಿನ ಒಡೆಯರಿಗೆ ಸಂಭಾವನೆಯನ್ನೂ ಗೊತ್ತುಮಾಡಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕನ್ನಡ ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ಕಟ್ಟುಗೊಡಗೆಗಳು ಪರಿಚಿತ: ಕೆರೆ ಕಟ್ಟಿದವನಿಗೆ, ಅದನ್ನು ದುರಸ್ತಿಯಲ್ಲಿಟ್ಟವನಿಗೆ ಬಿಟ್ಟ ಭೂಮಿ. ಅಂಥ ಕಲ್ಲುಗಳ ಕೊನೆಯಲ್ಲಿ ಧರ್ಮ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವನ್ನೂ ಕೊರೆದಿರುವುದುಂಟು. ಕೊಡಗೆ ಕೊಟ್ಟವರು ಶಾಪವನ್ನು ಅಳಿಸಲಿಲ್ಲ. ಶಾಪವಿದೆಯೆಂದು ಕೊಡಗೆಯಲ್ಲಿ ಜಿಪುಣತನ ತೋರಲೂ ಇಲ್ಲ.

ನಿಜವಾದ ತೊಡಕು, ಕೊಡುವುದು ಯಾರಿಗೆ ಎಂಬುದು. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ಕಾಂಡ್ಲಾ ರಕ್ಷಣೆಯೊಂದಿಗೆ ಏಡಿ ಸಾಕಣೆಯಂಥ ಜೀವನೋಪಾಯಗಳನ್ನು ಜೋಡಿಸುವ ಯೋಜನೆ ತಂದಾಗ ಈ ಪ್ರಶ್ನೆಯ ಒಂದು ತುದಿಯನ್ನು ಮುಟ್ಟಿತು. ಸಾತ್‌ಬಾರಾ ಪತ್ರದಲ್ಲಿ ಹೆಸರಿರುವಾತ ಖಾಡಿಯ ಕಡೆ ತಲೆ ಹಾಕದಿರಬಹುದು. ದಿನವೂ ದೋಣಿಯಲ್ಲಿ ಹೋಗಿ, ಎಲ್ಲಿ ನೀರು ನಿಂತಿದೆ, ಎಲ್ಲಿ ಮಣ್ಣು ಬಿದ್ದಿದೆ ಎಂದು ಬಲ್ಲ ಕೋಳಿ ಮೀನುಗಾರನಿಗೆ ಆ ಪತ್ರದಲ್ಲಿ ಒಂದು ಸಾಲೂ ಇಲ್ಲದಿರಬಹುದು. ಕಟ್ಟುಗೊಡಗೆ ಸಂದದ್ದು ಕಟ್ಟಿದವನಿಗೆ. ಮುಂಬಯಿಯಲ್ಲಿ ಸಂಭಾವನೆಯ ಪಟ್ಟಿ ಬರೆಯುವವರು ಮಾಲೀಕನ ಹೆಸರಿನ ಕೆಳಗೆ ಈತನ ಹೆಸರಿಗೂ ಜಾಗ ಬಿಡುತ್ತಾರೆಯೇ ಎಂಬುದನ್ನು ಕಾದು ನೋಡಬೇಕಾಗಿದೆ.